ಹಿಂದಿನ ಬೆಂಚಿನ ಮೂವತ್ತೆಂಟು

ಫೆಬ್ರವರಿ 3

ನಾದಿನಿಗೆ ಆಶೀರ್ವಾದಗಳು.

ನಿಮ್ಮ ಊರಿನ ಬಸ್ಸು ನನ್ನ ಸೊಂಟವನ್ನು ಎರಡು ಹೋಳು ಮಾಡಿ ಮನೆಗೆ ತಂದು ಹಾಕಿದೆ. ನಿನ್ನ ಅಕ್ಕ ಬಿಸಿನೀರಿನ ಚೀಲ ಕೊಡುತ್ತಾ, "ಅಷ್ಟು ದೂರ ಹೋಗೋ ಬದ್ಲು ಇಲ್ಲೇ ಕೂತು ಅಂಕ ಹಾಕಿದ್ರೆ ಆಗ್ತಿರ್ಲಿಲ್ವಾ?" ಎಂದಳು. ಮೂವತ್ತು ವರ್ಷ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸವೆದವನ ಹೆಂಡತಿ ಆಡುವ ಮಾತು ಇದು.

ಕೆಲಸದ ವಿಷಯಕ್ಕೆ ಬರುತ್ತೇನೆ. ಈ ವರ್ಷ ನಿನ್ನ ಐದನೇ ತರಗತಿಗೆ ನಾವು ಕಳಿಸಿದ ಐದು ಜನ ತರಬೇತಿಯವರಲ್ಲಿ ನಾಲ್ವರು ಸಲೀಸಾಗಿ ದಾಟಿಕೊಂಡರು. ಐದನೆಯವನು ಆ ಕಂಡಕ್ಟರ್. ಬಸ್ಸಿನ ಕೆಲಸ ಬಿಟ್ಟು ಮೇಷ್ಟ್ರಾಗಲು ಹೊರಟಿದ್ದಾನೆ, ಆದರೆ ಬಸ್ಸು ಅವನನ್ನು ಬಿಟ್ಟಿಲ್ಲ. ಬೆಂಚುಗಳ ನಡುವೆ ಅಡ್ಡಡ್ಡ ನಡೆಯುತ್ತಾನೆ. "ಮುಂದೆ ಬನ್ನಿ, ಮುಂದೆ ಜಾಗ ಇದೆ" ಅನ್ನುತ್ತಾನೆ. ಇದನ್ನೆಲ್ಲ ನಾನು ಹೊಟ್ಟೆಗೆ ಹಾಕಿಕೊಂಡೆ. ಪಾಠ ಕ್ಷೇತ್ರಫಲ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಚಾಪೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಕೇಳಿದ. ಮೂರನೇ ಬೆಂಚಿನ ಎರಡು ಜಡೆಯ ಹುಡುಗಿ ಎದ್ದು "ಹತ್ತು" ಎಂದಳು. ತಪ್ಪು ಉತ್ತರ ಕೈಗೆ ಸಿಕ್ಕಿತು, ಇನ್ನು ಅದನ್ನು ತಿದ್ದುತ್ತಾ ಪಾಠವನ್ನು ಎಷ್ಟು ಚೆನ್ನಾಗಿ ಬೆಳೆಸಬಹುದಿತ್ತು. ಇವನು ಮಾಡಿದ್ದೇನು? ಅವಳ ಹತ್ತಿರ ಹೋಗಿ, ಬಗ್ಗಿ, ಗುಸುಗುಸು ಮಾತಾಡಿದ. ಇಡೀ ತರಗತಿ ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು. ಆಮೇಲೆ ನೆಟ್ಟಗೆ ನಿಂತು, ನಾನು ಸಹಿ ಹಾಕಿಕೊಟ್ಟ ಪಾಠಯೋಜನೆಯನ್ನು ಮುಚ್ಚಿ ಮೇಜಿನ ಮೇಲಿಟ್ಟ. "ಎಲ್ರೂ ಒಂದು ಶೂ ಬಿಚ್ಚಿ" ಎಂದ.

ಮೂವತ್ತಾರು ಮಕ್ಕಳು, ಮೂವತ್ತಾರು ಕಾಲುಚೀಲ. ಕಿಟಕಿಯ ಪಕ್ಕ ಕೂತಿದ್ದೆ, ಬದುಕಿದೆ.

ಚೌಕುಳಿ ಹಾಳೆಯ ಮೇಲೆ ಪಾದ ಇಟ್ಟು ಗೆರೆ ಎಳೆದುಕೊಳ್ಳಿ, ನಿಮ್ಮ ಪಾದ ಎಷ್ಟು ಚೌಕ ಎಂದು ಹೇಳಿ ಎಂದ. ಆಮೇಲೆ ಸಂತೆ. ಗಂಟೆ ಹೊಡೆದಾಗಲೂ ಉದ್ದ ಇಂಟು ಅಗಲ ಎಂಬ ಸೂತ್ರ ಬೋರ್ಡಿನ ಮೇಲೆ ಬಂದಿರಲಿಲ್ಲ. ಹೊರಗೆ ಕರೆದು, ಯೋಜನೆಯನ್ನು ಯಾಕೆ ಕೈಬಿಟ್ಟೆ ಎಂದು ಕೇಳಿದೆ. "ಯಾಕೋ ಹಾಗನ್ನಿಸ್ತು ಸರ್" ಎಂದ. ಇಷ್ಟೇ ಉತ್ತರ. ಕೊಬ್ಬು ಎನ್ನಲೇ, ದಡ್ಡತನ ಎನ್ನಲೇ, ನನಗೆ ತಿಳಿಯಲಿಲ್ಲ.

ನೂರಕ್ಕೆ ಮೂವತ್ತೆಂಟು ಹಾಕಿದ್ದೇನೆ. ತರಗತಿಯ ಶಿಕ್ಷಕಿಯಾಗಿ ನೀನು ಹಾಕುವ ಅಂಕವನ್ನೂ ಬೇಗ ಕಳಿಸು. ನಲವತ್ತರ ಆಸುಪಾಸು ಇದ್ದರೆ ಇಬ್ಬರದೂ ಹೊಂದುತ್ತದೆ.

ನಿನ್ನ ಭಾವ


ಫೆಬ್ರವರಿ 9

ಭಾವನವರಿಗೆ ನಮಸ್ಕಾರ.

ಸೊಂಟಕ್ಕೆ ಶಾಖ ಕೊಟ್ಟುಕೊಳ್ಳುವಾಗ ಈ ಕಾಗದ ಓದಬೇಡಿ, ಬಿಸಿನೀರು ಚೆಲ್ಲೀತು. ನಾನು ಅವನಿಗೆ ಎಂಬತ್ತನಾಲ್ಕು ಹಾಕಿದ್ದೇನೆ.

ಕಾರಣ ಏನು ಬರೆಯಲಿ? ಪಾಠ ಚೆನ್ನಾಗಿತ್ತು. ಮರುದಿನವೂ ಮಕ್ಕಳು ಆ ಹಾಳೆಗಳನ್ನು ಬಿಡಲಿಲ್ಲ. ಅರ್ಧ ಚೌಕಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಊಟದ ಬಿಡುವಿನಲ್ಲಿ ಜಗಳ. ಎರಡು ಅರ್ಧ ಸೇರಿಸಿದರೆ ಒಂದು ಎಂದು ಒಬ್ಬಳು, ಎರಡೂ ಸರಿಯಾದ ಅರ್ಧ ಎಂದು ಯಾರು ಹೇಳಿದರು ಎಂದು ಇನ್ನೊಬ್ಬ. ನನ್ನನ್ನು ಪಂಚಾಯ್ತಿಗೆ ಕರೆದರು. ನಾನೂ ಹೇಳಲಾರದೆ ತಲೆ ಕೆರೆದುಕೊಂಡೆ.

ಹೋದ ವರ್ಷ ನಪಾಸಾಗಿ ಮತ್ತೆ ಬಂದವನು ಅವನು ಎಂಬುದು ನಿಮಗೂ ಗೊತ್ತು. ಮೂರನೇ ಅವಕಾಶ ಯಾರಿಗೂ ಇಲ್ಲ. ನೀವು ಹಾಕಿರುವ ಅಂಕ ಹಾಗೇ ಹೋದರೆ ಅವನು ಈ ಜನ್ಮದಲ್ಲಿ ಮೇಷ್ಟ್ರಾಗುವುದಿಲ್ಲ. ಸ್ವಲ್ಪ ಮೇಲಕ್ಕೆ ಬನ್ನಿ ಭಾವ.

ಅಕ್ಕನನ್ನು ಕೇಳಿದೆ ಎಂದು ಹೇಳಿ. ಅಂಕದ ಬಗ್ಗೆ ಅವಳು ಹೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಿಲ್ಲ.

ನಿಮ್ಮ ನಾದಿನಿ


ಫೆಬ್ರವರಿ 13

ನಾದಿನಿಗೆ,

ಬಿಸಿನೀರು ಚೆಲ್ಲಲಿಲ್ಲ, ತಲೆ ಮಾತ್ರ ಚಿಟ್ಟುಹಿಡಿದಿದೆ.

ಎಂಬತ್ತನಾಲ್ಕಂತೆ. ನಾಲ್ವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಠ ಮಾಡಿದ ಆ ಕನ್ನಡಕದ ಹುಡುಗಿಗೆ ನೀನು ಹಾಕಿದ್ದು ಎಪ್ಪತ್ತು. ಪಾಠವನ್ನೇ ಮುಗಿಸದವನಿಗೆ ಅದಕ್ಕಿಂತ ಹದಿನಾಲ್ಕು ಹೆಚ್ಚು. ನೀನೇನು ಅಂಕವನ್ನು ಕಣ್ಣುಮುಚ್ಚಿಕೊಂಡು ಹಾಕುತ್ತೀಯೋ?

ನಿಯಮ ಮತ್ತೆ ಹೇಳುತ್ತೇನೆ, ಸಿಟ್ಟಾಗಬೇಡ. ನಮ್ಮಿಬ್ಬರ ಅಂಕಗಳ ನಡುವೆ ಹತ್ತಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ. ಇದ್ದರೆ ಪರೀಕ್ಷಾ ಮಂಡಳಿಯವರು ಕಡಿಮೆ ಇರುವುದನ್ನೇ ಹಿಡಿಯುತ್ತಾರೆ. ಪಾಸಾಗಲು ಐವತ್ತು ಬೇಕು. ಮಾರ್ಚ್ ಹತ್ತರೊಳಗೆ ಎರಡೂ ಅಂಕ ಅಲ್ಲಿ ಮುಟ್ಟಬೇಕು. ನೀನು ನಲವತ್ತೆಂಟಕ್ಕೆ ಇಳಿದರೆ ಮರ್ಯಾದೆಯಿಂದ ಮುಗಿಯುತ್ತದೆ. ಇಳಿಯದಿದ್ದರೂ ಅವನಿಗೆ ಸಿಗುವುದು ಮೂವತ್ತೆಂಟೇ, ಜೊತೆಗೆ ಭಾವ ನಾದಿನಿ ಕಿತ್ತಾಡಿದರು ಎಂದು ಮಂಡಳಿಯವರು ನಗುತ್ತಾರೆ.

ಅವನ ಮೇಲೆ ನನಗೆ ಹಗೆ ಇದೆ ಎಂದುಕೊಂಡೆಯಾ? ಯಾರಿಗೂ ಅನ್ಯಾಯ ಆಗಬಾರದು ಎಂದೇ ಅಲ್ಲವೇ ಹೋದ ವರ್ಷ ನಾನು ಹೋರಾಡಿ ಹೊಸ ಪದ್ಧತಿ ತಂದದ್ದು? ಮೊದಲು ಒಬ್ಬನಿಗೆ ಸುಲಭದ ಪಾಠ, ಒಬ್ಬನಿಗೆ ಕಷ್ಟದ್ದು. ಒಬ್ಬನಿಗೆ ಚುರುಕು ತರಗತಿ, ಒಬ್ಬನಿಗೆ ಮಂಕು. ಈಗ ಐವರಿಗೂ ಒಂದೇ ಪಾಠ, ಒಂದೇ ತರಗತಿ. ತಕ್ಕಡಿಯಲ್ಲಿ ತೂಗಿದ ಹಾಗೆ ಹೋಲಿಸಬಹುದು. ಬೇರೆ ಕಾಲೇಜುಗಳಲ್ಲೂ ಇದನ್ನೇ ತರೋಣ ಎಂದು ಮಂಡಳಿ ಯೋಚಿಸುತ್ತಿದೆ. ಅಂಥ ಹೊತ್ತಿನಲ್ಲಿ ನೀನು ನನ್ನ ಕಾಲೆಳೆಯುತ್ತಿದ್ದೀಯ.

ಉಳಿದ ನಾಲ್ವರ ಬಗ್ಗೆ ನಾನು ಬರೆದ ಟಿಪ್ಪಣಿ ಈಗ ಎದುರಿಗಿದೆ. ನಾಲ್ವರೂ ಮಕ್ಕಳಿಂದ "ಹತ್ತು" ಎಂಬ ತಪ್ಪು ಉತ್ತರ ಹೊರಡಿಸಿದರು. ನಾಲ್ವರೂ ಚೌಕ ಎಣಿಸಿ ತೋರಿಸಿ ಅದನ್ನು ತಿದ್ದಿದರು. ಕೊನೆಗೆ ಮಕ್ಕಳ ಬಾಯಲ್ಲೇ "ಇಪ್ಪತ್ನಾಲ್ಕು" ಬಂತು, "ಓ" ಎಂದು ಇಡೀ ತರಗತಿ ಬೆರಗಾಯಿತು. ಆ "ಓ" ಕೇಳುವುದಕ್ಕಾಗಿಯೇ ನಾನು ಈ ವೃತ್ತಿಗೆ ಬಂದದ್ದು. ನಿನ್ನ ಕಂಡಕ್ಟರ್ ತರಗತಿಯಲ್ಲಿ ಅದು ಎಲ್ಲಿತ್ತು?

ಇಳಿದು ಬಾ.

ಭಾವ


ಫೆಬ್ರವರಿ 20

ಭಾವನವರಿಗೆ,

ಇಳಿಯುವುದಿಲ್ಲ.

ನೀವು ಹಿಂದಿನ ಬೆಂಚಿನಲ್ಲಿ ಕೂತಿದ್ದಿರಿ. ಅಲ್ಲಿಂದ ಮಕ್ಕಳ ಬೆನ್ನು ಕಾಣುತ್ತದೆ, ಮೇಷ್ಟ್ರ ಮುಖ ಕಾಣುತ್ತದೆ. ನಾನು ಬಾಗಿಲ ಪಕ್ಕ ನಿಂತಿದ್ದೆ, ನನಗೆ ಮಕ್ಕಳ ಮುಖ ಕಾಣುತ್ತಿತ್ತು. ಇದಕ್ಕಿಂತ ಹೆಚ್ಚು ಹೇಳಲು ಆಗುವುದಿಲ್ಲ. ಒತ್ತಾಯ ಮಾಡಬೇಡಿ.

ಕಂಡಕ್ಟರ್ ಇನ್ನೂ ಇಲ್ಲೇ ಇದ್ದಾನೆ, ಮಾರ್ಚ್ ಕೊನೆಯವರೆಗೆ ನನ್ನ ತರಗತಿಯಲ್ಲಿ ಸಹಾಯ ಮಾಡಬೇಕಲ್ಲ. ಅಂಕ ಎಷ್ಟು ಬಂತು ಎಂದು ಒಮ್ಮೆಯೂ ಕೇಳಲಿಲ್ಲ. ಮೊನ್ನೆ ನಾನೇ ಕೇಳಿದೆ, ಈ ಸಲವೂ ಆಗದಿದ್ದರೆ ಏನು ಮಾಡುತ್ತೀಯಪ್ಪಾ ಎಂದು. "ಬಸ್ಸಲ್ಲೂ ಮಕ್ಕಳು ಹತ್ತುತ್ವೆ ಮೇಡಂ" ಎಂದು ನಕ್ಕ. ಆಮೇಲೆ ಬೋರ್ಡು ಒರೆಸುತ್ತಾ ಬಹಳ ಹೊತ್ತು ನನ್ನ ಕಡೆ ತಿರುಗಲಿಲ್ಲ. ಬೋರ್ಡಿನ ಮೇಲೆ ಒರೆಸುವುದಕ್ಕೆ ಏನೂ ಇರಲಿಲ್ಲ.

ನನಗೆ ಅದನ್ನು ನೋಡಿ ಸಂಕಟವಾಯಿತು. ಪಕ್ಷಪಾತ ಎನ್ನುವುದಾದರೆ ಅನ್ನಿ.

ನಾದಿನಿ


ಫೆಬ್ರವರಿ 24

ನಾದಿನಿಗೆ,

ಒಳಗೊಂದು ಹೊರಗೊಂದು ಇಟ್ಟುಕೊಂಡು ಬರೆಯುವ ನಿನ್ನ ಈ ಕಾಗದ ನೋಡಿ ನನಗೂ ನಿನ್ನ ಅಕ್ಕನಿಗೂ ಒಂದು ಅನುಮಾನ ಬಂದಿದೆ. ಮುಚ್ಚುಮರೆ ಇಲ್ಲದೆ ಕೇಳುತ್ತೇನೆ. ಕಂಡಕ್ಟರಿಗೆ ಇನ್ನೂ ಮದುವೆಯಾಗಿಲ್ಲವಂತೆ. ನಿನ್ನ ಮಗಳಿಗೆ ಗಂಡು ಹುಡುಕುತ್ತಿದ್ದೀಯ. ಹುಡುಗ ಲಕ್ಷಣವಾಗಿದ್ದಾನೆ, ಇಲ್ಲ ಎನ್ನಲಾರೆ. ಅಳಿಯ ಕಂಡಕ್ಟರ್ ಅನ್ನುವುದಕ್ಕಿಂತ ಮೇಷ್ಟ್ರು ಅನ್ನುವುದು ಚೆಂದ ಎಂದು ನಿನಗೆ ಅನ್ನಿಸಿರಬಹುದು.

ಹಾಗಿದ್ದರೆ ನೇರವಾಗಿ ಹೇಳು. ಮದುವೆಗೆ ಬಂದು ಊಟ ಮಾಡಿ ಹೋಗುತ್ತೇನೆ. ಆದರೆ ಮನೆಯ ವಿಷಯವನ್ನು ತರಗತಿಗೆ ತಂದು ಎಂಬತ್ತನಾಲ್ಕು ಹಾಕಿದರೆ ಒಪ್ಪುವವನು ನಾನಲ್ಲ. ಅವನು ಪಾಠ ಮಾಡಲು ಬಾರದವನು. ಹೋದ ವರ್ಷವೂ ಮಾಡಲಿಲ್ಲ, ಈ ವರ್ಷವೂ ಮಾಡಲಿಲ್ಲ. ಇಂಥವನನ್ನು ದಾಟಿಸಿಬಿಟ್ಟರೆ ಮುಂದೆ ಮೂವತ್ತು ವರ್ಷ ಮಕ್ಕಳು ಅನುಭವಿಸಬೇಕು. ಅದು ನನ್ನ ತಲೆಯ ಮೇಲೆ ಬೇಡ.

ಇದೇ ನನ್ನ ಕೊನೆಯ ಮಾತು. ಮೂವತ್ತೆಂಟನ್ನು ಹಾಗೇ ಕಳಿಸುತ್ತೇನೆ.

ಭಾವ


ಫೆಬ್ರವರಿ 28

ಭಾವನವರೇ,

ನನ್ನ ಮಗಳನ್ನು ಈ ಅಂಕದ ಗಲಾಟೆಗೆ ಎಳೆದು ತಂದಿರಲ್ಲ, ಅದನ್ನು ಓದಿ ಕಾಗದವನ್ನು ಹರಿದು ಹಾಕಿದೆ. ಆಮೇಲೆ ಉತ್ತರ ಬರೆಯಲು ಬೇಕಲ್ಲ ಎಂದು ತುಂಡುಗಳನ್ನು ಜೋಡಿಸಿ ಮತ್ತೆ ಓದಿದೆ. ಎರಡನೇ ಸಲವೂ ಅಷ್ಟೇ ಸಿಟ್ಟು ಬಂತು. ಅಕ್ಕನಿಗೂ ಹೇಳಿ.

ಈಗ ಕೇಳಿ. ನನ್ನ ಹೆಸರು ಮುಖ್ಯೋಪಾಧ್ಯಾಯಿನಿ ಹುದ್ದೆಗೆ ಹೋಗಿದೆ, ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ. ಇನ್ನು ಆ ಹುದ್ದೆ ಹಾಳಾಗಿ ಹೋಗಲಿ.

ನಿಮ್ಮ ಪದ್ಧತಿ ಇದೆಯಲ್ಲ, ಐವರಿಗೂ ಒಂದೇ ಪಾಠ, ಒಂದೇ ತರಗತಿ. ತರಗತಿ ಒಂದೇ ಎಂದರೆ ಮಕ್ಕಳೂ ಅವರೇ ಎಂದು ನಿಮಗೆ ಒಮ್ಮೆಯೂ ಹೊಳೆಯಲಿಲ್ಲವೇ? ಮೊದಲನೆಯವನು ಬಂದು ಕ್ಷೇತ್ರಫಲ ಹೇಳಿಕೊಟ್ಟು ಹೋಗುತ್ತಾನೆ. ಮುಂದಿನ ವಾರ ಎರಡನೆಯವನು ಬಂದು ಅದೇ ಚಾಪೆ ಹಾಸುತ್ತಾನೆ. ಆ ಮಕ್ಕಳು ಕಲ್ಲುಗಳೇ, ಮರೆತುಬಿಡಲು? ಹೋದ ವರ್ಷ ಎರಡನೆಯವನಾಗಿ ಬಂದವನು ಈ ಕಂಡಕ್ಟರ್. ಚಾಪೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಕೇಳುವುದೇ ತಡ, ಮಕ್ಕಳೆಲ್ಲ ಒಟ್ಟಿಗೆ "ಇಪ್ಪತ್ನಾಲ್ಕು" ಎಂದು ಕೂಗಿದರು. ಮುಗಿಯಿತು ಪಾಠ. ಇನ್ನುಳಿದ ಹೊತ್ತು ಬೆಪ್ಪನಂತೆ ನಿಂತ. "ಮಕ್ಕಳಲ್ಲಿ ಕುತೂಹಲ ಹುಟ್ಟಿಸಲು ವಿಫಲ" ಎಂದು ಬರೆದು ನೀವು ಅವನನ್ನು ನಪಾಸು ಮಾಡಿದಿರಿ. ನಾನೂ ಹೆದರಿ ನಿಮ್ಮ ಅಂಕಕ್ಕೆ ನನ್ನ ಅಂಕ ಹೊಂದಿಸಿದೆ.

ಮನಸ್ಸು ತಡೆಯಲಿಲ್ಲ. ಮುಂದಿನವರಿಗೆ ಹಾಗಾಗಬಾರದು ಎಂದು ಮಕ್ಕಳಿಗೆ ನಾನೇ ಹೇಳಿಕೊಟ್ಟೆ. ಗೊತ್ತಿದ್ದರೂ ತಕ್ಷಣ ಹೇಳಬೇಡಿ, ಪಾಪ, ಅವರು ಪರೀಕ್ಷೆಗೆ ಬಂದವರು ಎಂದೆ. ಈ ವರ್ಷದ ಮಕ್ಕಳಿಗೂ ಅದೇ ಹೇಳಿದೆ. ಇವರು ನನಗಿಂತ ಚುರುಕು. ಯಾರು ಮೊದಲು ತಪ್ಪು ಹೇಳಬೇಕು, ಯಾರು ಅನುಮಾನದಿಂದ ಕೈ ಎತ್ತಬೇಕು, "ಓ" ಎಂದು ಯಾವಾಗ ಅನ್ನಬೇಕು, ಎಲ್ಲ ಅವರೇ ಹಂಚಿಕೊಂಡರು. ಎರಡು ಜಡೆಯವಳಿಗೆ "ಹತ್ತು" ಹೇಳುವ ಕೆಲಸ. ನಾಲ್ಕು ಸಲ ನೀವು ಅದೇ ಹುಡುಗಿಯ ಬಾಯಿಂದ ಅದೇ ತಪ್ಪು ಕೇಳಿ ನಾಲ್ಕು ಸಲವೂ ಮೆಚ್ಚಿಕೊಂಡಿರಿ.

ಐದನೇ ಸಲ ಕಂಡಕ್ಟರ್ ಅವಳ ಹತ್ತಿರ ಹೋಗಿ, "ನಿಂಗೆ ನಿಜವಾಗ್ಲೂ ಹತ್ತು ಅನ್ಸುತ್ತಾ?" ಎಂದು ಕೇಳಿದ, ಆಮೇಲೆ ಅವಳೇ ನನಗೆ ಹೇಳಿದಳು. ಅಷ್ಟು ಮೆಲ್ಲಗೆ ಕೇಳಿದರೆ ಯಾವ ಮಗು ಸುಳ್ಳು ಹೇಳುತ್ತದೆ? "ಇಲ್ಲ ಸರ್, ಇಪ್ಪತ್ನಾಲ್ಕು. ಆದ್ರೆ ಮೊದ್ಲು ಹತ್ತು ಅನ್ಬೇಕು" ಎಂದಳು. ಅವನಿಗೆ ಅರ್ಥವಾಯಿತು. ಬಾಗಿಲಲ್ಲಿದ್ದ ನನ್ನ ಮುಖ ನೋಡಿದ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಯೋಜನೆಯ ಪ್ರಕಾರ ನಾಟಕ ಆಡಿಸಿದ್ದರೆ ಅವನು ಪಾಸಾಗುತ್ತಿದ್ದ. ಅದು ಬಿಟ್ಟು, ಆ ಮಕ್ಕಳಿಗೆ ಗೊತ್ತಿಲ್ಲದ್ದನ್ನು ಹುಡುಕಿ ಅದನ್ನೇ ಹಿಡಿದ. ಪಾದಕ್ಕೆ ನೇರ ಅಂಚೂ ಇಲ್ಲ, ಒಂದೇ ಅಗಲವೂ ಇಲ್ಲ, ಸೂತ್ರ ಅಲ್ಲಿ ನಡೆಯುವುದಿಲ್ಲ. ಅದಕ್ಕೇ ಸಂತೆಯಾಯಿತು.

ನೀವು ಹೋದ ಮೇಲೆ, ಸರ್‌ಗೆ ನಿಜ ಯಾಕೆ ಹೇಳಲಿಲ್ಲ ಎಂದು ಅವನನ್ನು ಬೈದೆ. "ಮಕ್ಕಳು ನಮಗೋಸ್ಕರ ಮಾಡಿದಾರೆ ಮೇಡಂ. ಅವ್ರನ್ನ ಹೇಗೆ ಬಿಟ್ಟುಕೊಡ್ಲಿ? ಆಮೇಲೆ ಆ ನಾಲ್ಕು ಜನಾನೂ ಪಾಸಾಗಿಬಿಟ್ಟಿದಾರೆ" ಎಂದ. ನನ್ನ ಹೆಸರು ಎತ್ತಲಿಲ್ಲ. ಅದು ನನಗೆ ಇನ್ನೂ ಚುಚ್ಚುತ್ತಿದೆ.

ಈಗ ಮೂವತ್ತೆಂಟು ಕಳಿಸುವುದಾದರೆ ಕಳಿಸಿ.

ನಾದಿನಿ

ಅವನಿಗೆ ಮದುವೆ ಗೊತ್ತಾಗಿದೆ. ನನ್ನ ಮಗಳ ಜೊತೆ ಅಲ್ಲ.


ಮಾರ್ಚ್ 3

ನಿನ್ನ ಕಾಗದ ಮುಟ್ಟಿತು.

ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನ ತರಗತಿಯನ್ನು ಒಂದು ಪೀರಿಯಡ್ ನನಗೆ ಬಿಟ್ಟುಕೊಡು. ನೀನು ಒಳಗೆ ಇರಬೇಡ, ಕಂಡಕ್ಟರ್ ಕೂಡ ಬೇಡ. ನಿನ್ನಿಂದ ನನಗೆ ವಿಷಯ ತಿಳಿದಿದೆ ಎಂದು ಮಕ್ಕಳಿಗೆ ಹೇಳಿದ್ದೇ ಆದರೆ ನಿನ್ನ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ.

ಭಾವ


ಮಾರ್ಚ್ 6

ಭಾವನವರಿಗೆ,

ಇದೇನು ನಿಮ್ಮ ಪರಿ? ಬಂದಿರಿ, ಬಾಗಿಲು ಹಾಕಿಕೊಂಡಿರಿ, ಗಂಟೆ ಹೊಡೆದ ಕೂಡಲೇ ಯಾರ ಮುಖವನ್ನೂ ನೋಡದೆ ಬಸ್ ನಿಲ್ದಾಣದ ಕಡೆ ಹೊರಟುಹೋದಿರಿ. ಚಹಾ ಮಾಡಿ ಇಟ್ಟುಕೊಂಡು ಕಾದೆ. ಆರಿ ತಣ್ಣಗಾದ ಮೇಲೆ ನಾನೇ ಕುಡಿದೆ.

ಒಳಗೆ ಏನಾಯಿತು ಎಂದು ಮಕ್ಕಳನ್ನು ಕೇಳಿದರೆ ಒಬ್ಬರನ್ನೊಬ್ಬರು ನೋಡಿಕೊಂಡು, "ಚೆನ್ನಾಗಾಯ್ತು ಮಿಸ್" ಅನ್ನುತ್ತಾರೆ. ನೀವು ಹೋದ ದಾರಿಯನ್ನು ನೋಡುತ್ತಾ ಕಂಡಕ್ಟರ್ ಗೇಟಿನ ಹತ್ತಿರ ನಿಂತಿದ್ದ. ಅವನು ತನ್ನ ಹಳೆಯ ಡಿಪೋಗೆ ಅರ್ಜಿ ಬರೆದಿಟ್ಟುಕೊಂಡಿದ್ದಾನೆ ಎಂದು ನಿನ್ನೆ ತಿಳಿಯಿತು.

ಹತ್ತನೇ ತಾರೀಖು ಹತ್ತಿರವಾಯಿತು. ಬೈಯುವುದಿದ್ದರೆ ನನ್ನನ್ನು ಆಮೇಲೆ ಬೈಯಿರಿ. ಅವನ ಗತಿ ಏನು, ಅದನ್ನು ಮಾತ್ರ ಬರೆಯಿರಿ.

ನಾದಿನಿ


ಮಾರ್ಚ್ 8

ನಾದಿನಿಗೆ ಆಶೀರ್ವಾದಗಳು.

ಬೈಯಬೇಕೆಂದೇ ಕೂತೆ. ಎರಡು ಹಾಳೆ ಬೈದು ಹರಿದು ಹಾಕಿದೆ. ನಿನ್ನ ಹಾಗೆ ಜೋಡಿಸಿ ಓದುವ ತಾಳ್ಮೆ ನನಗಿಲ್ಲ.

ಮೊದಲು ನೀನು ಕೇಳಿದ್ದು. ಕಂಡಕ್ಟರಿಗೆ ಎಂಬತ್ತು ಹಾಕಿ ಇವತ್ತು ಬೆಳಗ್ಗೆ ನಾನೇ ಹೋಗಿ ಮಂಡಳಿಯ ಕಚೇರಿಯಲ್ಲಿ ಕೊಟ್ಟು ಬಂದೆ. ನಿನ್ನ ಎಂಬತ್ತನಾಲ್ಕಕ್ಕೂ ಅದಕ್ಕೂ ನಾಲ್ಕೇ ಅಂತರ, ಇನ್ನು ಯಾರೂ ಅವನನ್ನು ಮುಟ್ಟುವಂತಿಲ್ಲ. ಆ ಡಿಪೋ ಅರ್ಜಿಯನ್ನು ಹರಿಯಲು ಹೇಳು.

ಎರಡನೆಯದು ನಿನಗೆ ರುಚಿಸುವುದಿಲ್ಲ. ಉಳಿದ ನಾಲ್ವರ ಅಂಕ ರದ್ದು ಮಾಡಿ ಎಂದು ಬರೆದುಕೊಟ್ಟಿದ್ದೇನೆ. ಅವರ ತಪ್ಪಿಲ್ಲ, ಆದ್ದರಿಂದ ಇದು ಅವರ ಒಂದು ಅವಕಾಶವೆಂದು ಲೆಕ್ಕಕ್ಕೆ ಬರುವುದಿಲ್ಲ. ಹೊಸ ಪಾಠ, ಹೊಸ ಮಕ್ಕಳು, ಮತ್ತೆ ಬರಲಿ. ಕಾರಣ ಕೇಳಿದರು. ನನ್ನ ಪದ್ಧತಿಯನ್ನು ಮೊದಲು ಬರೆದು, ನೀನು ಮಕ್ಕಳಿಗೆ ಹೇಳಿಕೊಟ್ಟದ್ದನ್ನು ಅದರ ಕೆಳಗೆ ಬರೆದೆ. ನಿನ್ನ ಹುದ್ದೆಗೆ ಕಲ್ಲು ಬಿದ್ದರೂ ಬೀಳಬಹುದು. ಬರೆಯದೆ ಬಿಡಲು ನೋಡಿದೆ, ಆಗಲಿಲ್ಲ. ನಿನ್ನ ಅಕ್ಕ ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಈಗ ಒಳಗೆ ನಡೆದದ್ದು.

ನಾನೇ ಚಾಪೆಯ ಪಾಠ ಮಾಡಿದೆ. ಮಕ್ಕಳು ಏನು ಮಾಡುತ್ತಾರೋ ನೋಡಬೇಕಿತ್ತು. ನಿನ್ನ ಮಾತನ್ನು ನಂಬಲಿಲ್ಲ ಎಂದಲ್ಲ, ನಂಬಲು ನನ್ನ ಕೈಲಾಗಲಿಲ್ಲ. ಆರು ಅಡಿ, ನಾಲ್ಕು ಅಡಿ, ಎಷ್ಟು ಜಾಗ ಎಂದು ಕೇಳಿದೆ. ಆ ಎರಡು ಜಡೆಯವಳು ಸ್ವಲ್ಪ ಯೋಚಿಸಿದ ಹಾಗೆ ಮಾಡಿ, ಎದ್ದು "ಹತ್ತು" ಎಂದಳು. ಎಷ್ಟು ಚೆನ್ನಾಗಿ ಹೇಳಿದಳು ಎಂದರೆ, ಎಲ್ಲ ತಿಳಿದಿದ್ದ ನನಗೂ ಒಂದು ಗಳಿಗೆ ತಿದ್ದುವ ಹುಮ್ಮಸ್ಸು ಬಂದುಬಿಟ್ಟಿತು. ಚೌಕ ಎಳೆದೆ, ಎಣಿಸಿದೆ. ಕಿಟಕಿಯ ಪಕ್ಕದ ಹುಡುಗ ಅನುಮಾನದಿಂದ ಕೈ ಎತ್ತಿದ. "ಇಪ್ಪತ್ನಾಲ್ಕು" ಬಂತು. ಆಮೇಲೆ ಮೂವತ್ತಾರು ಮಕ್ಕಳು ನನ್ನ ಮುಖ ನೋಡುತ್ತಾ, ನನಗಾಗಿ, "ಓ" ಎಂದರು.

ನನಗೆ ಸಂತೋಷವಾಯಿತು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ನಾಟಕವೆಂದು ಗೊತ್ತಿದ್ದೂ ಸಂತೋಷವಾಯಿತು. ಮರುಕ್ಷಣವೇ ನನ್ನ ತಪ್ಪು ಅರ್ಥವಾಯಿತು. ಎರಡು ವರ್ಷ ನಾನು ಹಿಂದಿನ ಬೆಂಚಿನಲ್ಲಿ ಕೂತು ಅಳೆದದ್ದು ಮೇಷ್ಟ್ರುಗಳನ್ನಲ್ಲ. ಆ ಮಕ್ಕಳಿಗೆ ನಮ್ಮ ಮೇಲಿದ್ದ ಕನಿಕರಕ್ಕೆ ಅಂಕ ಹಾಕುತ್ತಾ ಬಂದಿದ್ದೆ. ಅವರನ್ನು ಏನಾದರೂ ಕೇಳಬೇಕು, ಗೊತ್ತಿಲ್ಲದ್ದು ಒಂದನ್ನಾದರೂ ಹಿಡಿಯಬೇಕು ಎಂದುಕೊಂಡೆ. ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ನನಗೆ ಒಂದೂ ಹೊಳೆಯಲಿಲ್ಲ. ಕಂಡಕ್ಟರಿಗೆ ಅದು ಗುಸುಗುಸು ಮುಗಿಸಿ ನೆಟ್ಟಗೆ ನಿಲ್ಲುವಷ್ಟರಲ್ಲಿ ಹೊಳೆದಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಬಾಗಿಲ ಹತ್ತಿರ ಆ ಹುಡುಗಿ ಹಿಂದಿನಿಂದ ಬಂದು ನನ್ನ ಕೋಟು ಜಗ್ಗಿದಳು. "ಸರ್, ನಿಮ್ದು ಪಾಸಾಯ್ತಾ?" ಎಂದು ಕೇಳಿದಳು.

ಇಲ್ಲಮ್ಮ ಎಂದೆ.

ಅವಳು ಹಿಂದೆ ನಿಂತಿದ್ದವರ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ, "ಬೇಜಾರ್ ಮಾಡ್ಕೋಬೇಡಿ ಸರ್, ಇನ್ನೊಂದ್ಸಲ ಕೊಡ್ತಾರೆ" ಎಂದಳು.

ನಿನ್ನ ಭಾವ